ಬಿಡ್ತು ಅನ್ನು

ಆಡಬಾರದ ಮಾತನ್ನು ಯಾರಾದರೂ ಆಡಿಬಿಟ್ಟರೆ ನಮ್ಮ ಮನೆಯಲ್ಲಿ ಮೊದಲು ಕೇಳಿಬರುವುದು "ಬುಡ್ತು ಅನ್ನು" ಎಂಬ ಗದರಿಕೆ. ಆಡಿದವರು ತಕ್ಷಣ "ಬುಡ್ತು" ಅನ್ನಬೇಕು. ಅಂದರೆ ಆ ಕೆಟ್ಟ ಮಾತು ಬಿಟ್ಟುಹೋಯಿತು, ಇನ್ನು ಯಾರಿಗೂ ತಟ್ಟುವುದಿಲ್ಲ ಎಂದು ನಂಬಿಕೆ. ನಮ್ಮವ್ವ ಹಳ್ಳಿಯಿಂದ ಸಿಟಿಯ ಈ ಕೆಸರೆ ಬಡಾವಣೆಗೆ ಬರುವಾಗ ಪಾತ್ರೆಪಗಡದ ಜೊತೆಗೆ ತಂದ ಮಾತು ಇದು. ಅವ್ವ ತೀರಿಕೊಂಡ ಮೇಲೆ ಗದರಿಸುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೆ ತಕ್ಕ ಗಂಟಲೂ ನನಗಿದೆ. ನಾನು ಸಿಟಿ ಬಸ್ಸಿನ ಕಂಡಕ್ಟರ್. ಬಾಗಿಲಲ್ಲಿ ನೇತಾಡುವವರನ್ನು ಒಳಗೆ ಕರೆದು, ಒಳಗೆ ನಿಂತವರನ್ನು ಮುಂದಕ್ಕೆ ಕಳಿಸಿ, ಇಪ್ಪತ್ತು ವರ್ಷ ಕೂಗಿದ ಗಂಟಲು. ಹನ್ನೊಂದು ವರ್ಷದ ಒಂದು ಹುಡುಗಿಯ ಬಾಯಿ ಮುಚ್ಚಿಸುವುದು ಅದಕ್ಕೆ ಏನೂ ಕಷ್ಟವಾಗಲಿಲ್ಲ.

ಆ ಹುಡುಗಿ ನನ್ನ ಅಣ್ಣನ ಮಗಳು. ಎರಡು ಕೋಣೆಯ ಮನೆಯಲ್ಲಿ ನಾವು ನಾಲ್ಕು ಜನ. ಅಣ್ಣ ಕಡಕೊಳದ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ನಿಂತು ಕೆಲಸ ಮಾಡುತ್ತಿದ್ದ. ಅತ್ತಿಗೆ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ನಾನು ಮದುವೆಯಾದ ಮೂರನೇ ವರ್ಷಕ್ಕೆ ಒಂದು ಬ್ಯಾಗು ಹಿಡಿದು ವಾಪಸು ಬಂದವಳು. ಅವತ್ತು ಬಾಗಿಲು ತೆಗೆದ ಅಣ್ಣ ಯಾಕೆ ಬಂದೆ ಅಂತ ಕೇಳಲಿಲ್ಲ. "ಊಟ ಮಾಡಿದ್ಯಾ?" ಅಂತ ಕೇಳಿ ಬ್ಯಾಗನ್ನು ಒಳಗಿಟ್ಟ. ಇವತ್ತಿನವರೆಗೂ ಕೇಳಿಲ್ಲ. ಅವನ ಮೇಲೆ ನನಗಿರುವ ಪ್ರೀತಿಯನ್ನು ಇದಕ್ಕಿಂತ ಬಿಡಿಸಿ ಹೇಳಲು ಹೋದರೆ ಅತ್ತುಬಿಡುತ್ತೇನೆ.

ಹುಡುಗಿಗೆ ಚಿತ್ರ ಬರೆಯುವ ಹುಚ್ಚು. ಉದ್ದ ನೋಟ್‌ಬುಕ್ಕಿನ ತುಂಬ ಒಬ್ಬ ಸೂಪರ್‌ಹೀರೋನ ಕಥೆ. ಟಿವಿಯಲ್ಲಿ ಬರುವ ಯಾರೂ ಅಲ್ಲ, ಅವಳೇ ಹುಟ್ಟಿಸಿದವನು. ಅಣ್ಣನ ಹಾಗೆ ಮೀಸೆ, ಅಣ್ಣನ ಹಾಗೇ ನೀಲಿ ಯೂನಿಫಾರ್ಮು, ಹೆಗಲಲ್ಲಿ ಗಾಳಿಗೆ ಹಾರುವ ಒಂದು ಟವೆಲ್ಲು. ಅವನಿಗೆ ಹಾರಲು ಬರುವುದಿಲ್ಲ, ಸಿಟಿ ಬಸ್ಸಿನಲ್ಲೇ ಓಡಾಡುತ್ತಾನೆ. ಅದು ನನಗೆ ಕೊಟ್ಟ ಮರ್ಯಾದೆ. ಅವನ ಶಕ್ತಿ ಒಂದೇ. ಎಂಥ ಗಾಯವಾದರೂ ಕಣ್ಣು ಮಿಟುಕಿಸುವುದರೊಳಗೆ ಮಾಯುತ್ತದೆ. ಕೈ ಹೋದರೆ ಕೈ, ಕಾಲು ಹೋದರೆ ಕಾಲು ಮತ್ತೆ ಬೆಳೆಯುತ್ತದೆ.

ಭಾನುವಾರ ರಜೆ ಸಿಕ್ಕಿದರೆ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು ಅವಳ ತಲೆಗೆ ಎಣ್ಣೆ ಹಚ್ಚುವುದು ನನ್ನ ವಾಡಿಕೆ. ಕೆಳಗಿನ ಮೆಟ್ಟಿಲಲ್ಲಿ ಅವಳು ನೋಟ್‌ಬುಕ್ ಬಿಚ್ಚಿಕೊಂಡು ಕೂರುತ್ತಿದ್ದಳು. ನಾನು ಹಿಂದಿನಿಂದ ಟಿಕೆಟ್ ತಪಾಸಣೆಗೆ ಬಂದವರ ಹಾಗೆ ಪ್ರಶ್ನೆ ಹಾಕುತ್ತಿದ್ದೆ.

"ಕೈ ಕಡಿದ್ರೆ ಕೈ ಬೆಳೀತದೆ, ಸರಿ. ಶರ್ಟಿನ ತೋಳು?"

ಅವಳು ಪೆನ್ಸಿಲ್ ಕಚ್ಚಿ ಯೋಚಿಸಿದಳು. "ಅದು ಬೆಳೆಯಲ್ಲ. ಹೊಲಿಸ್ಕಬೇಕು."

"ಕಟಿಂಗ್ ಮಾಡಿಸ್ಕಂಡ್ರೆ? ಕುರ್ಚಿಯಿಂದ ಏಳೋದ್ರೊಳಗೆ ಕೂದ್ಲು ಬೆಳ್ಕಬುಡ್ತದಲ್ಲೇ?"

"ಇಲ್ಲ ಕಣತ್ತೆ. ನೋವಾದ್ರೆ ಮಾತ್ರ ಪವರ್ ಬರೋದು. ನೋವು ಅಂದ್ರೆ ನಿಮ್ ಬಸ್ಸಿನ ಬೆಲ್ ಇದ್ದಂಗೆ. ಇಲ್ಲಿ ರಿಪೇರಿ ಮಾಡಿ ಅಂತ ಮೈಗೆ ಗೊತ್ತಾಗ್ತದೆ. ಕೂದ್ಲು ಕತ್ರಿಸಿದ್ರೆ ನೋಯಲ್ವಲ್ಲ."

ಉತ್ತರ ನನಗೆ ಹಿಡಿಸಿತು. ಆದರೆ ಸೋಲೊಪ್ಪುವ ಜಾಯಮಾನ ನನ್ನದಲ್ಲ. "ಅಂಗಾರೆ ಕಿವಿ ಚುಚ್ಚಿಸ್ಕಂಡ್ರೆ?"

"ನೋಯ್ತದೆ. ಅದ್ಕೆ ತಕ್ಷಣ ಮಾಯ್ತದೆ. ಅವ್ನು ಓಲೆ ಹಾಕಂಗೇ ಇಲ್ಲ."

"ತೂತಿಗೆ ಬೇವಿನ ಕಡ್ಡಿ ಸಿಗ್ಸಿದ್ರೆ?"

ಅವಳ ಕೈ ತಾನಾಗಿ ತನ್ನ ಕಿವಿಗೆ ಹೋಯಿತು. ಚಿಕ್ಕವಳಿದ್ದಾಗ ಅವಳ ಕಿವಿ ಚುಚ್ಚಿಸಿದ ದಿನ ತೂತು ಮುಚ್ಚಿಕೊಳ್ಳದಿರಲಿ ಅಂತ ನಾನೇ ಬೇವಿನ ಕಡ್ಡಿ ಸಿಗಿಸಿದ್ದೆ. ನಮ್ಮವ್ವ ನನಗೆ ಸಿಗಿಸಿದ್ದಳು. ಅವಳವ್ವ ಅವಳಿಗೆ.

"ಆಗ ಮಾಯಲ್ಲ," ಅಂದಳು. "ಕಡ್ಡಿ ಇರೋಗಂಟ ಮಾಯಲ್ಲ."

"ಹೂಂ, ಮತ್ತೆ!" ಅಂದೆ ನಾನು, ಗೆದ್ದವಳ ಹಾಗೆ.

ಆಮೇಲೆ ಇನ್ನೊಂದು ಕೇಳಿದೆ. ಕತ್ತರಿಸಿದ ಕೈ ಒಂದು ಕಡೆ ಬಿದ್ದಿದೆ, ಮೈ ಇನ್ನೊಂದು ಕಡೆ. ಮೈಗೆ ಕೈ ಬೆಳೆದರೆ ಕೈಗೆ ಯಾಕೆ ಮೈ ಬೆಳೆಯುವುದಿಲ್ಲ? ಬೆಳೆದರೆ ಇಬ್ಬರಲ್ಲಿ ಹೀರೋ ಯಾರು? ಒಳಗೆ ಮಂಚದ ಮೇಲೆ ಮಲಗಿದ್ದ ಅಣ್ಣ ಕಿಟಕಿಯಿಂದಲೇ ಕೂಗಿದ. "ಇಬ್ರಾಗ್ಬುಟ್ರೆ ಒಳ್ಳೇದು ಬುಡು ಕಣವ್ವ. ಒಬ್ಬ ಫಸ್ಟ್ ಶಿಫ್ಟು, ಒಬ್ಬ ಸೆಕೆಂಡ್ ಶಿಫ್ಟು." ನಾವು ಮೂವರೂ ನಕ್ಕದ್ದು ಕೇಳಿ ಅತ್ತಿಗೆ ಅಡುಗೆಮನೆಯಿಂದ ಬಂದು ನೋಡಿಹೋದರು. ಆ ಬೆಳಿಗ್ಗೆಯನ್ನು ಈಗ ನೆನೆಸಿಕೊಂಡರೆ ನನ್ನ ಮೇಲೆಯೇ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಅಣ್ಣನಿಗೆ ಬಹಳ ವರ್ಷದಿಂದ ಶುಗರ್. ಮಾತ್ರೆ ನುಂಗುತ್ತಿದ್ದ, ಕಾಫಿಗೆ ಸಕ್ಕರೆ ಬಿಟ್ಟಿದ್ದ, ಮಿಕ್ಕಂತೆ ಎಲ್ಲರ ಹಾಗೆ ಇದ್ದ. ಒಂದು ಸಂಜೆ ಕೆಲಸದಿಂದ ಬಂದು ಶೂ ಬಿಚ್ಚಿದಾಗ ಬಲಗಾಲಿನ ಕಾಲುಚೀಲ ಕೆಂಪಗಿತ್ತು. ಮೊದಲು ಕಂಡವಳು ಮಗಳು. ಲೇತ್‌ನಲ್ಲಿ ಕೊರೆದು ಬಿದ್ದ ಕಬ್ಬಿಣದ ಸುರುಳಿಯೊಂದು ಶೂ ಒಳಗೆ ಸೇರಿ ಅಂಗಾಲಿಗೆ ನಾಟಿಕೊಂಡಿತ್ತು. ಅದನ್ನು ತುಳಿದುಕೊಂಡೇ ಇಡೀ ದಿನ ನಿಂತಿದ್ದಾನೆ. "ನಂಗೇನೂ ಗೊತ್ತಾಗ್ಲೇ ಇಲ್ವಲ್ಲ," ಅಂತ ಯಾರದೋ ಕಾಲನ್ನು ನೋಡುವ ಹಾಗೆ ತನ್ನ ಕಾಲನ್ನು ತಿರುಗಿಸಿ ನೋಡುತ್ತಿದ್ದ. ಶುಗರ್ ಅವನ ಪಾದದ ನರಗಳನ್ನು ಯಾವಾಗಲೋ ಕೊಂದಿತ್ತು. ನಮಗದು ತಿಳಿದದ್ದು ಅವತ್ತು.

ಮೂರು ದಿನ ಮನೆಮದ್ದು ಮಾಡಿದೆವು. ಅಂಗಾಲು ಬಾತು ಕೀವು ಕಟ್ಟಿತು. ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದರು. ಅಂಗಾಲಿನಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ದೊಡ್ಡ ಗುಳಿ ಉಳಿಯಿತು. ಮನೆಗೆ ಕಳಿಸುವ ಮುಂಚೆ ಸಿಸ್ಟರ್ ನನ್ನನ್ನು ಕರೆದು ತೋರಿಸಿಕೊಟ್ಟರು. ಗಾಜ್ ಬಟ್ಟೆಯನ್ನು ಸಣ್ಣಗೆ ಪಟ್ಟಿ ಮಾಡಿ, ಔಷಧಿಯಲ್ಲಿ ನೆನೆಸಿ, ಬತ್ತಿಯ ಹಾಗೆ ಆ ಗುಳಿಯೊಳಗೆ ತುಂಬಬೇಕು. ದಿನಾ ಹಳೆಯದನ್ನು ಎಳೆದು ಹೊಸದನ್ನು ಹಾಕಬೇಕು.

"ಮೇಲೆ ಬೇಗ ಮುಚ್ಕಳಕ್ಕೆ ಬುಡ್ಬೇಡಿ ಕಣಮ್ಮ," ಅಂದಿದ್ದರು ಸಿಸ್ಟರ್. "ತಳದಿಂದ ತುಂಬ್ಕೊಂಡು ಬರ್ಬೇಕು. ಹದಿನೈದು ದಿನಕ್ಕೊಂದ್ಸಲ ಕರ್ಕೊಂಡ್ಬಂದು ತೋರ್ಸಿ."

ನಾನು ತಲೆಯಾಡಿಸಿದೆ. ತಲೆಯಾಡಿಸಿದವರೆಲ್ಲ ಅರ್ಥ ಮಾಡಿಕೊಂಡವರಲ್ಲ ಅಂತ ನನ್ನ ಬಸ್ಸಿನಲ್ಲಿ ದಿನಾ ನೋಡುತ್ತೇನೆ.

ಅತ್ತಿಗೆಗೆ ರಕ್ತ ಕಂಡರೆ ತಲೆ ತಿರುಗುತ್ತದೆ. ಹಾಗಾಗಿ ಡ್ರೆಸ್ಸಿಂಗ್ ನನ್ನ ಕೆಲಸವಾಯಿತು. ಮೊದಲ ಎರಡು ವಾರ ಅಚ್ಚುಕಟ್ಟಾಗಿ ಮಾಡಿದೆ. ಆದರೆ ಪ್ರತಿದಿನ ಹಳೆಯ ಬತ್ತಿ ಎಳೆದಾಗ ಗುಳಿಯ ಗೋಡೆಯಲ್ಲಿ ಹೊಸದಾಗಿ ಬಂದ ಎಳೆಯ ಮಾಂಸ ಕಿತ್ತು ರಕ್ತ ಒಸರುತ್ತಿತ್ತು. ಅಣ್ಣನಿಗೆ ನೋವಾಗುತ್ತಿರಲಿಲ್ಲ. ಪೇಪರ್ ಓದುತ್ತ ಕೂತಿರುತ್ತಿದ್ದ. ನೋಯುತ್ತಿದ್ದದ್ದು ನನಗೆ. ಅವನ ಮೈ ಇಡೀ ದಿನ ಕಷ್ಟಪಟ್ಟು ಕಟ್ಟಿದ್ದನ್ನು ನಾನು ದಿನಾ ಕೆಡವುತ್ತಿದ್ದೇನೆ ಅನ್ನಿಸುತ್ತಿತ್ತು. ಮಾಯಬೇಕಾದ ತೂತಿಗೆ ಬಟ್ಟೆ ತುರುಕಿದರೆ ಅದು ಹೇಗೆ ಮಾಯುತ್ತದೆ? ಕಡ್ಡಿ ಇರುವ ತನಕ ಕಿವಿ ಮಾಯುವುದಿಲ್ಲ ಅನ್ನುವುದು ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಆ ಸಿಸ್ಟರಿನ ಕಿವಿಯಲ್ಲೂ ಓಲೆ ಇತ್ತಲ್ಲ, ಅವರಿಗೆ ಗೊತ್ತಿಲ್ಲವೇ ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಮೊದಲು ಬತ್ತಿಯನ್ನು ಸಣ್ಣದು ಮಾಡಿದೆ. ಆಮೇಲೆ ಇನ್ನೂ ಸಣ್ಣದು. ಒಂದು ದಿನ ಹಾಕಲೇ ಇಲ್ಲ. ಗುಳಿಯ ಮೇಲೆ ಔಷಧಿ ಹಚ್ಚಿ, ಬಟ್ಟೆ ಮುಚ್ಚಿ, ಮೇಲೆ ಪಟ್ಟಿ ಸುತ್ತಿದೆ. ಹೊರಗಿನಿಂದ ನೋಡಿದರೆ ನಿನ್ನೆಯದಕ್ಕೂ ಇವತ್ತಿನದಕ್ಕೂ ವ್ಯತ್ಯಾಸವೇ ಇಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ.

ಐದಾರು ದಿನಕ್ಕೆ ಪವಾಡವೇ ನಡೆಯಿತು. ಗುಳಿಯ ಬಾಯಿ ಚಿಕ್ಕದಾಗುತ್ತ ಬಂತು. ಇನ್ನೊಂದು ವಾರಕ್ಕೆ ತೆಳ್ಳನೆಯ ನಸುಗೆಂಪು ಚರ್ಮ ಪೂರ್ತಿ ಮುಚ್ಚಿಕೊಂಡಿತು. ನಾನು ಮನೆಯಲ್ಲೆಲ್ಲ ಕೂಗಾಡಿದೆ. "ಮಾಯ್ತು! ಅಣ್ಣಂದು ಮಾಯ್ತು!" ಅತ್ತಿಗೆ ಓಡಿಬಂದು ಪಾದ ನೋಡಿ ಕಣ್ಣಿಗೆ ಸೆರಗು ಒತ್ತಿಕೊಂಡರು. ಅಣ್ಣ ನನ್ನ ತಲೆ ಮೇಲೆ ಕೈಯಿಟ್ಟು, "ನಿನ್ ಕೈಗುಣ ಕಣವ್ವ," ಅಂದ. ಆ ಮಾತು ಕೇಳಿ ನಾನು ಬೀಗಿದ್ದು ಇವತ್ತಿಗೂ ನೆನಪಿದೆ.

ಮಗಳು ಮಾತ್ರ ಹತ್ತಿರ ಬಂದು ಬಗ್ಗಿ ನೋಡಿದಳು. ದೀಪ ಹಚ್ಚುವ ಹೊತ್ತು. "ಅತ್ತೆ, ನನ್ ಹೀರೋಗೆ ಒಂದು ಪ್ರಾಬ್ಲಮ್ ಆಗದೆ," ಅಂದಳು.

"ಏನೇ?"

"ಅವ್ನಿಗೆ ಗುಂಡು ಹೊಡೀತಾರೆ. ತೂತು ತಕ್ಷಣ ಮಾಯ್ಬುಡ್ತದೆ. ಆದ್ರೆ ಗುಂಡು ಆಚೆಗೆ ಬಂದಿರಲ್ವಲ್ಲ. ಒಳಗೇ ಉಳ್ಕತದೆ. ಬೇಗ ಮಾಯೋದು ಒಳ್ಳೇದಲ್ವಾ ಅತ್ತೆ?"

ನಾನು ಪಟ್ಟಿ ಸುತ್ತುತ್ತಿದ್ದೆ. ನನ್ನ ಕೈ ನಿಂತಿತು. ಅವಳು ಅಪ್ಪನ ಪಾದ ಮುಟ್ಟಿ ಮುಂದುವರಿಸಿದಳು. "ಅಪ್ಪನ್ ಕಾಲೊಳಗೂ ಏನಾರ ಉಳ್ಕಂಡಿದ್ರೆ? ಅಪ್ಪಂಗೆ ನೋವೇ ಆಗಲ್ವಲ್ಲ, ಬೆಲ್ಲೇ ಹೊಡೆಯಲ್ವಲ್ಲ, ಮೈಗೆ ಎಂಗೆ ಗೊತ್ತಾಗ್ತದೆ? ಇಲ್ಲಿ ಬಿಸಿ ಅದೆ. ಕಾಲು ಕೊಳ್ತೋದ್ರೆ?"

"ದೀಪ ಹಚ್ಚೋ ಹೊತ್ನಲ್ಲಿ ಎಂಥ ಮಾತಾಡ್ತೀಯೇ! ಬಾಯ್ ಮುಚ್ಚು. ಬುಡ್ತು ಅನ್ನು!"

ಬಸ್ಸಿನಲ್ಲಿ ಕೊನೆಯ ಸೀಟಿನವರಿಗೆ ಕೇಳಿಸುವ ದನಿಯಲ್ಲಿ ಕೂಗಿದ್ದೆ. ಹುಡುಗಿ ಬೆಚ್ಚಿದಳು. ಅವಳ ತುಟಿ ಅಲ್ಲಾಡಿತು. ನನಗೆ ಅಷ್ಟೇ ಸಾಕಾಗಿತ್ತು. ಅಷ್ಟು ಜೋರಾಗಿ ಯಾಕೆ ಕೂಗಿದೆ ಅಂತ ಈಗ ಯಾರಾದರೂ ಕೇಳಿದರೆ ಹೇಳಬಲ್ಲೆ. ಅವಳ ಮಾತು ನನ್ನೊಳಗೆ ಎಲ್ಲಿಗೋ ಹೋಗಿ ತಟ್ಟಿತ್ತು. ಹಾಕದೆ ಬಿಟ್ಟ ಬತ್ತಿ ಕಣ್ಣ ಮುಂದೆ ಬಂದಿತ್ತು.

ಆ ವಾರ ಆಸ್ಪತ್ರೆಗೆ ತೋರಿಸಲು ಹೋಗಬೇಕಿತ್ತು. ಮಾಯಿತಲ್ಲ, ಇನ್ನು ಯಾಕೆ ಹೋಗಿ ಕಾಯುವುದು ಅಂದವಳು ನಾನೇ. ಅಣ್ಣ ಶೂ ಹಾಕಿಕೊಂಡು ಕೆಲಸಕ್ಕೆ ಹೊರಟ. "ನೋವಾಗ್ತಾ ಇಲ್ವಾ?" ಅಂತ ಅತ್ತಿಗೆ ಕೇಳಿದ್ದಕ್ಕೆ, "ಏನೂ ಇಲ್ಲ ಕಣೆ, ಆರಾಮಾಗದೆ," ಅಂದ. ನೋವಿಲ್ಲ ಅಂದರೆ ವಾಸಿಯಾಗಿದೆ ಅಂತ ನಾವು ದೊಡ್ಡವರು ಮೂವರೂ ನಂಬಿದ್ದೆವು. ನೋವಿಲ್ಲದಿದ್ದರೆ ಮೈಗೆ ಗೊತ್ತೇ ಆಗುವುದಿಲ್ಲ ಅಂತ ತಿಳಿದಿದ್ದವಳು ಐದನೇ ಕ್ಲಾಸಿನವಳು ಒಬ್ಬಳೇ. ಅವಳ ಬಾಯಿಯನ್ನು ನಾನು ಮುಚ್ಚಿಸಿದ್ದೆ.

ಮೂರನೇ ದಿನ ಮಧ್ಯಾಹ್ನ ಕಾರ್ಖಾನೆಯವರು ಫೋನ್ ಮಾಡಿದರು. ಅಣ್ಣ ಚಳಿಯಿಂದ ನಡುಗುತ್ತಿದ್ದಾನೆ, ಮಾತು ತೊದಲುತ್ತಿದೆ ಅಂದರು. ನಾನು ವಿಜಯನಗರದ ಟ್ರಿಪ್ಪಿನಲ್ಲಿದ್ದೆ. ಪ್ರಯಾಣಿಕರ ಮುಂದೆಯೇ ಅಳುತ್ತ ಡ್ರೈವರಿಗೆ ಹೇಳಿ, ಡ್ಯೂಟಿ ಬಿಡಿಸಿಕೊಂಡು ಆಸ್ಪತ್ರೆಗೆ ಓಡಿದೆ. ಅವನ ಶೂವನ್ನು ಕತ್ತರಿಸಿ ತೆಗೆದಿದ್ದರು. ಪಾದ ಕಪ್ಪುನೀಲಿಯಾಗಿತ್ತು. ನಾನು ಮಾಯ್ತು ಮಾಯ್ತು ಅಂತ ಕೂಗಾಡಿದ ಆ ನಸುಗೆಂಪು ಚರ್ಮವನ್ನು ಡಾಕ್ಟರ್ ಸ್ವಲ್ಪ ಒತ್ತಿದ್ದೇ ತಡ, ಒಳಗಿದ್ದದ್ದೆಲ್ಲ ಹೊರಗೆ ಬಂತು. ಆ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ. ಮೇಲೆ ಥಳುಕು ಒಳಗೆ ಹುಳುಕು ಅನ್ನುವ ಗಾದೆಯನ್ನು ಎಷ್ಟೋ ಜನಕ್ಕೆ ಅಂದು ಆಡಿಕೊಂಡಿದ್ದೇನೆ. ಈಗ ಅದು ನನ್ನ ಕೈಕೆಲಸಕ್ಕೇ ಒಪ್ಪಿತು.

"ಮಾಯ್ದಿತ್ತಲ್ಲ ಸಾರ್, ಎಂಗಾಯ್ತು ಇದು?" ಅತ್ತಿಗೆ ಕೇಳಿದರು.

"ಮೇಲೆ ಮಾತ್ರ ಮಾಯ್ತು ಕಣಮ್ಮ, ಒಳಗೆ ಕೊಳೀತಾ ಇತ್ತು," ಅಂದರು ಡಾಕ್ಟರ್. ನನ್ನ ಕಡೆ ತಿರುಗಿದರು. "ಡ್ರೆಸ್ಸಿಂಗ್ ಮಾಡ್ತಿದ್ದೋರು ನೀವಾ? ಬತ್ತಿ ತುಂಬ್ತಿದ್ರಿ ತಾನೇ?"

"ಹೂಂ ಸಾರ್. ದಿನಾ."

ಎರಡೇ ಮಾತು. ಹೇಳುವಾಗ ನನ್ನ ನಾಲಿಗೆ ತಡವರಿಸಲೂ ಇಲ್ಲ. ಶುಗರ್ ಇಷ್ಟಿದ್ದರೆ ಹೀಗೂ ಆಗುತ್ತದೆ ಅಂತ ಡಾಕ್ಟರ್ ತಮ್ಮಷ್ಟಕ್ಕೆ ಹೇಳಿಕೊಂಡು ಮುಂದಿನ ವಿಷಯಕ್ಕೆ ಹೋದರು. ಮುಂದಿನ ವಿಷಯ ಅಂದರೆ ಮೊಣಕಾಲಿನ ಕೆಳಗೆ ಕತ್ತರಿಸಬೇಕು, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ. ಅತ್ತಿಗೆ ಸಹಿ ಹಾಕಿದರು. ಕಾಗದವನ್ನು ನಾನು ಹಿಡಿದುಕೊಂಡಿದ್ದೆ.

ಕಥೆಯಲ್ಲಿ ಕತ್ತರಿಸಿದ ಮೇಲೆ ಬೆಳೆಯುತ್ತದೆ. ನಮ್ಮಲ್ಲಿ ಮಿಕ್ಕದ್ದಾದರೂ ಉಳಿಯಲಿ ಅಂತ ಕತ್ತರಿಸುತ್ತಾರೆ. ಆಪರೇಷನ್ ಥಿಯೇಟರಿನ ಹೊರಗೆ ಕೂತು ನಾನು ಇದನ್ನೇ ಹುಚ್ಚಿಯ ಹಾಗೆ ಯೋಚಿಸುತ್ತಿದ್ದೆ. ದೇವರೇ, ಒಂದೇ ಒಂದು ಸಲ ಆ ನೋಟ್‌ಬುಕ್ಕಿನ ನಿಯಮ ನಡೆಯಲಿ, ಆಮೇಲೆ ನನ್ನನ್ನು ಏನು ಬೇಕಾದರೂ ಮಾಡು ಅಂತ ಬೇಡಿಕೊಂಡೆ. ನಲವತ್ತೇಳು ವರ್ಷದ ಹೆಂಗಸು ನಾನು.

ಅಣ್ಣನನ್ನು ಮನೆಗೆ ಕರೆತಂದೆವು. ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ಎಡಗಾಲಿನ ಶೂ ಒಂದೇ ಇತ್ತು. ಅತ್ತಿಗೆ ಅದನ್ನು ಎತ್ತಿ ಎಲ್ಲೋ ಇಟ್ಟರು. ಅಣ್ಣ ಮೊದಮೊದಲು ತಮಾಷೆ ಮಾಡಲು ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗುವುದನ್ನು ಕಲಿತ. ವಿಚಿತ್ರವೆಂದರೆ ಇದ್ದಾಗ ನೋಯದ ಪಾದ ಈಗ ನೋಯುತ್ತಿತ್ತು. "ಬೆರಳು ಯಾರೋ ತಿರುಚ್ದಂಗಾಯ್ತದೆ ಕಣವ್ವ," ಅನ್ನುತ್ತಿದ್ದ, ಬರಿಯ ಹಾಸಿಗೆಯನ್ನು ತೋರಿಸಿ. ಡ್ರೆಸ್ಸಿಂಗ್ ಮತ್ತೆ ನನ್ನ ಪಾಲಿಗೇ ಬಂತು. ಹೊಲಿಗೆಯ ಒಂದು ಮೂಲೆ ಬಿಟ್ಟುಕೊಂಡು ಅಲ್ಲಿ ಸಣ್ಣ ಗುಳಿಯಾಗಿತ್ತು. ಇದು ಸರಿಯಾಗಿ ಮಾಯದಿದ್ದರೆ ಮೊಣಕಾಲಿನ ಮೇಲಕ್ಕೆ ಹೋಗಬೇಕಾಗುತ್ತದೆ, ಆಮೇಲೆ ಕೃತಕ ಕಾಲು ಹಾಕಿ ನಡೆಯುವುದೂ ಕಷ್ಟ ಅಂತ ಡಾಕ್ಟರ್ ಹೇಳಿದ್ದರು. ಈಗ ನಾನು ಬತ್ತಿಯನ್ನು ತಳ ಮುಟ್ಟುವವರೆಗೆ ತುಂಬುತ್ತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. "ನೀನಿಲ್ದಿದ್ರೆ ನನ್ ಗತಿ ಏನಾಗ್ತಿತ್ತು," ಅಂತ ಅಣ್ಣ ಒಂದು ದಿನ ಅಂದ. ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆದರೂ ಹೇಳಲಿಲ್ಲ.

ಹುಡುಗಿ ಚಿತ್ರ ಬರೆಯುವುದನ್ನು ನಿಲ್ಲಿಸಿದಳು. ಒಂದೇ ಒಂದು ಸಲ ನನ್ನನ್ನು ಕೇಳಿದಳು. "ಆ ಕಾಲ್ನ ಎಲ್ ಮಡಗಿದ್ರು ಅತ್ತೆ?" ಆಸ್ಪತ್ರೆಯವರು ನೋಡಿಕೊಂಡರು ಅಂದೆ. "ಅದು ಒಂದೇ ಇರ್ತದಲ್ಲ ಪಾಪ," ಅಂದಳು. ಆಮೇಲೆ ಕೇಳಲಿಲ್ಲ. ಆದರೆ ಅವಳಿಗೆ ಇನ್ನೊಂದು ರೋಗ ಹತ್ತಿಕೊಂಡಿತು. ಯಾರು ಏನು ಅಂದರೂ ಮೆಲ್ಲಗೆ "ಬುಡ್ತು" ಅನ್ನುತ್ತಿದ್ದಳು. ಗ್ಯಾಸ್ ಮುಗೀತು ಅಂದರೆ ಬುಡ್ತು. ಬಸ್ಸು ಕೆಟ್ಟು ನಿಂತಿತು ಅಂದರೆ ಬುಡ್ತು. ಪಾಠ ಓದುವಾಗ ಯಾವುದೋ ರಾಜ ಸತ್ತ ಅಂತ ಬಂದರೆ ನಿಲ್ಲಿಸಿ, ಬುಡ್ತು ಅಂದು, ಮುಂದಕ್ಕೆ ಓದುತ್ತಿದ್ದಳು. ಅತ್ತಿಗೆ ಮೊದಲು ನಕ್ಕರು, ಆಮೇಲೆ ರೇಗಿದರು, ಕೊನೆಗೆ ಹೆದರಿದರು. ನನಗೆ ಮೊದಲ ದಿನವೇ ಹೆದರಿಕೆಯಾಗಿತ್ತು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವಳನ್ನು ಬಲವಂತವಾಗಿ ಮೆಟ್ಟಿಲ ಮೇಲೆ ಕೂರಿಸಿ ತಲೆಗೆ ಎಣ್ಣೆ ಹಾಕಿದೆ. ನೋಟ್‌ಬುಕ್ ಇರಲಿಲ್ಲ. ಮಾತಾಡಿಸಬೇಕು ಅಂತ ಹಳೆಯ ಪ್ರಶ್ನೆ ತೆಗೆದೆ. "ನಿನ್ ಹೀರೋ ಎಲ್ಲೋದ್ನೇ? ಆ ಗುಂಡು ಏನಾಯ್ತು?"

ಅವಳ ಭುಜ ನನ್ನ ಮೊಣಕಾಲುಗಳ ನಡುವೆ ಬಿಗಿಯಾಯಿತು. ತಿರುಗದೆ ಹೇಳಿದಳು.

"ಅತ್ತೆ, ಅವತ್ತು ನಾನು ಬುಡ್ತು ಅನ್ನಲಿಲ್ಲ."

"ಯಾವತ್ತೇ?"

"ಅಪ್ಪನ್ ಕಾಲು ಕೊಳ್ತೋದ್ರೆ ಅಂದ್ನಲ್ಲ, ಅವತ್ತು. ನೀವು ಬುಡ್ತು ಅನ್ನು ಅಂದ್ರಿ. ನಾನು ಬರೀ ತುಟಿ ಅಲ್ಲಾಡಿಸ್ದೆ. ಬಾಯಲ್ಲಿ ಅನ್ನಲಿಲ್ಲ. ನಂಗೆ ನಿಜವಾಗ್ಲೂ ಡೌಟಿತ್ತು, ಅದ್ಕೆ ಅನ್ನಕ್ಕೆ ಬರ್ಲಿಲ್ಲ." ಉಸಿರೆಳೆದುಕೊಂಡಳು. "ಅಂದಿದ್ರೆ ಅಪ್ಪನ್ ಕಾಲು ಇರ್ತಿತ್ತು. ಅಮ್ಮಂಗೆ ಹೇಳ್ಬೇಡಿ ಅತ್ತೆ."

ಎಣ್ಣೆಯ ಕೈ ಹಾಗೇ ಅವಳ ತಲೆಯ ಮೇಲಿತ್ತು. ಒಂದು ಕ್ಷಣ ನನ್ನೊಳಗಿನ ಹೇಡಿ ಏನು ಹೇಳಿತು ಅನ್ನುವುದನ್ನೂ ಬರೆದುಬಿಡುತ್ತೇನೆ. ಸಮಾಧಾನ ಮಾಡು, ಹಾಗೆಲ್ಲ ಏನೂ ಇಲ್ಲ ಅನ್ನು, ಎದ್ದು ಹೋಗು ಅಂದಿತು. ಕಿಟಕಿ ತೆರೆದಿತ್ತು. ಒಳಗೆ ಮಂಚದ ಮೇಲೆ ಅಣ್ಣ ಇದ್ದ. ಅಡುಗೆಮನೆಯಲ್ಲಿ ಅತ್ತಿಗೆ. ಪಿಸುಗುಟ್ಟಿದ್ದರೆ ಅವಳಿಗೊಬ್ಬಳಿಗೇ ಕೇಳುತ್ತಿತ್ತು. ನಾನು ಬಸ್ಸಿನ ದನಿಯಲ್ಲೇ ಹೇಳಿದೆ.

"ನೀನು ಅಂದ್ರೂ ಹೋಗ್ತಿತ್ತು, ಅನ್ದಿದ್ರೂ ಹೋಗ್ತಿತ್ತು ಕಣವ್ವ. ಕಾಲು ಹೋಗಿದ್ದು ನಿನ್ ಮಾತಿಂದಲ್ಲ, ನನ್ ಕೈಯಿಂದ. ಗಾಯದೊಳಕ್ಕೆ ಬತ್ತಿ ತುಂಬಿ ಅಂದಿದ್ರು ಸಿಸ್ಟರು. ನಾನು ತುಂಬ್ಲಿಲ್ಲ. ಕಿವಿಗೆ ಕಡ್ಡಿ ಸಿಗ್ಸಿದ್ರೆ ಮಾಯಲ್ಲ ಅಂತ ನಾವು ಮಾತಾಡ್ಕಂಡಿದ್ವಲ್ಲ, ಅಂಗೇ ಅನ್ಕಂಡೆ. ಬತ್ತಿ ತೆಗೆದ್ರೆ ಬೇಗ ಮಾಯ್ತದೆ ಅಂತ. ಡಾಕ್ಟ್ರು ಕೇಳ್ದಾಗ ದಿನಾ ತುಂಬ್ತಿದ್ದೆ ಅಂತ ಸುಳ್ಳು ಹೇಳ್ದೆ. ನೀನು ಕೇಳಿದ್ದು ಸರಿಯಾಗಿತ್ತು. ಗುಂಡು ಒಳಗೇ ಇತ್ತು. ಮುಚ್ಚಿದ್ದು ನಾನು."

ಹಿಂದೆ ಆ ಕಿಟಕಿಯಿಂದ ಫಸ್ಟ್ ಶಿಫ್ಟು ಸೆಕೆಂಡ್ ಶಿಫ್ಟು ಅಂತ ತಮಾಷೆ ಬಂದಿತ್ತು. ಇವತ್ತು ಬೈಗುಳವಾದರೂ ಬರಲಿ ಅಂತ ಕಾದೆ. ಬರಲಿಲ್ಲ. ಅತ್ತಿಗೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದರು.

"ಕಾಲಿನ್ ಮಾತು ಅತ್ಲಾಗಿರ್ಲಿ," ಅಂದರು. "ಮೂರು ತಿಂಗ್ಳು ಇದ್ನ ನನ್ ಮಗಳು ಹೊತ್ಕಂಡಿದ್ಲಲ್ಲ. ನೀನು ನೋಡ್ಕಂಡು ಸುಮ್ನಿದ್ಯಲ್ಲ."

ಹುಡುಗಿ ತಿರುಗಿ ನನ್ನ ಮುಖ ನೋಡಿದಳು. ಅಳಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಅಂತ ಕೊನೆಗೂ ಸಿಕ್ಕಿದ ಮಗುವಿನ ಮುಖ ಅದು.

ಡ್ರೆಸ್ಸಿಂಗ್ ಹೊತ್ತಾಯಿತು. ಹೋಗಬೇಕೋ ಬೇಡವೋ ಗೊತ್ತಾಗದೆ ಟ್ರೇ ಹಿಡಿದು ಮಂಚದ ಹತ್ತಿರ ನಿಂತೆ. ಅಣ್ಣ ನನ್ನ ಕಡೆ ನೋಡಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಕಾಲಿನ ಮೇಲಿನ ಹೊದಿಕೆಯನ್ನು ಸರಿಸಿದ, ಅಷ್ಟೆ. ನಾನು ಪಟ್ಟಿ ಬಿಚ್ಚಿದೆ. ಹಳೆಯ ಬತ್ತಿ ಎಳೆಯುವಾಗ ಅವನು ಮಗಳನ್ನು ಕರೆದ.

"ಬಾವ್ವ ಇಲ್ಲಿ. ಟಾರ್ಚ್ ತಗಂಡು ಬಾ."

ಅವಳು ಮೊಬೈಲಿನ ಟಾರ್ಚ್ ಹಚ್ಚಿಕೊಂಡು ಬಂದಳು.

"ಚೆನ್ನಾಗಿ ನೋಡು. ಒಳಗೆ ಏನಾರ ಉಳ್ಕಂಡದಾ? ನಂಗೆ ಗೊತ್ತಾಗಲ್ಲ ಕಣವ್ವ. ಕಂಡಿದ್ದು ಕಂಡಂಗೆ ಹೇಳು."

ಹುಡುಗಿ ಬಗ್ಗಿದಳು. ಟಾರ್ಚನ್ನು ಗುಳಿಯ ಮೇಲೆ ಹಿಡಿದಳು. ಆಮೇಲೆ ಸುತ್ತ ಹಿಡಿದಳು, ಆಮೇಲೆ ಮೊಣಕಾಲಿನ ಕಡೆಗೆ. ಬೆರಳ ಹಿಂಬದಿಯಿಂದ ಮುಟ್ಟಿ ನೋಡಿದಳು. ಅತ್ತಿಗೆ ಗೋಡೆ ಹಿಡಿದು ನಿಂತಿದ್ದರು.

"ಅದೆ ಅಪ್ಪ," ಅಂದಳು. "ಇಲ್ಲಿ, ಮೇಲ್ಗಡೆ. ಕೆಂಪಗದೆ. ನಿನ್ನೆ ಪಟ್ಟಿ ಕಟ್ಟೋವಾಗ ಇರ್ಲಿಲ್ಲ. ಬಿಸೀನೂ ಅದೆ. ಮತ್ತೆ ಅಂಗೇ ಆಗ್ಬೋದು."

ನನ್ನ ಬಾಯಿ ತಾನಾಗಿಯೇ ತೆರೆಯಿತು. ಮೊದಲ ಅಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಮೂವರೂ ನನ್ನ ಕಡೆ ನೋಡಿದರು. ನಾನು ಬಾಯಿ ಮುಚ್ಚಿಕೊಂಡೆ.

ಅತ್ತಿಗೆ ಆಟೋ ಕರೆಯಲು ಹೊರಗೆ ಹೋದರು.